ಎದೆಯಲ್ಲ, ಮೊಲೆ

ಓದುವವರಿಗೆಲ್ಲ ಶರಣು. ನಾನು ಅಕ್ಷರ ಕಲಿತದ್ದು ಇಪ್ಪತ್ತು ದಾಟಿದ ಮೇಲೆ. ಈಗ ಒಂದೇ ಬೆರಳಿನಿಂದ ಟೈಪ್ ಮಾಡುತ್ತಿದ್ದೇನೆ. ಒತ್ತು, ದೀರ್ಘ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ಮೇಲಿನ ಶಬ್ದ ತಪ್ಪಿ ಬಿದ್ದದ್ದಲ್ಲ, ಅದನ್ನು ತಿದ್ದಬೇಡಿ.

ಐವತ್ತರ ದಶಕದ ಕೊನೆಯ ಮಾತು. ನಮ್ಮೂರು ತಿಳವಳ್ಳಿ. ಅಪ್ಪನ ಎಡ ಮೊಲೆತೊಟ್ಟಿನ ಹಿಂದೆ ಹುಣಸೆಬೀಜದಷ್ಟು ಗಂಟು ಎದ್ದಿತ್ತು. ನಮ್ಮ ಕಡೆ ಗಂಡಸಿಗೆ ಮೊಲೆ ಅನ್ನುವುದಿಲ್ಲ, ಗಂಡಸಿಗೆ ಇರುವುದು ಎದೆ. ಅಪ್ಪ ಹಾನಗಲ್ಲಿನ ಡಾಕ್ಟರ ಮುಂದೆ "ಎದ್ಯಾಗ ಚುಚ್ಚತೈತ್ರಿ" ಅಂದ, ಅಂಗಿ ಬಿಚ್ಚಲಿಲ್ಲ. ಕೆಮ್ಮಿನ ಔಷಧ ಸಿಕ್ಕಿತು. ಸವಣೂರಿನ ಹಕೀಮರ ಮುಂದೆಯೂ ಅದೇ ಮಾತು. ಅಲ್ಲಿ ಲೇಹ್ಯ ಸಿಕ್ಕಿತು. ಕೊಟ್ಟವರ ತಪ್ಪೇನೂ ಇಲ್ಲ. ಹೀಗೆ ಎಂಟು ತಿಂಗಳು ಹೋದವು.

ಒಂದು ದಿನ ಅವ್ವ ಒಗೆಯಲು ತೆಗೆದ ಅಂಗಿ ಹಿಡಿದು ನಿಂತಳು. ಎಡಗಡೆ ರಕ್ತದ ಕಲೆ.

"ಎದಿ ಒಂದೀಟು ಸೋರತೈತಿ" ಅಂದ ಅಪ್ಪ.

"ಎದಿ ಸೋರೂದಿಲ್ರಿ, ಸೋರೂದು ಮಲಿ. ಹಿರೇಕೆರೂರಾಗ ನಮ್ಮಕ್ಕ ಹಿಂಗ ಆಗೇ ಹ್ವಾದ್ಲು."

"ಬಾಯಿ ಮುಚ್ಚ! ಗಂಡಸಿಗೆ ಎಲ್ಲಿ ಮಲಿ?"

"ಮತ್ತ ಅದೇನು, ಅಂಗಿ ಗುಂಡೀನ?"

ಅಪ್ಪನಿಗೆ ಸಿಟ್ಟಿನ ನಡುವೆ ನಗು ಬಂತು. ಮರುದಿನ ಮೂವರೂ ತಡಸದ ಮೇಲೆ ಹಾದು ಹುಬ್ಬಳ್ಳಿಗೆ ಹೋದೆವು. ದವಾಖಾನೆಯಲ್ಲಿ ಮೊಲೆಯ ರೋಗದ ಸಾಲಿನಲ್ಲಿ ಇದ್ದವರೆಲ್ಲ ಹೆಂಗಸರು. ಒಬ್ಬಾಕೆ, "ಯಣ್ಣಾ, ಹಾದಿ ತಪ್ಪಿ ಬಂದೀಯೇನು?" ಅಂದಳು. ಅಪ್ಪ ತಲೆ ತಗ್ಗಿಸಿದ. "ಬರಾಬ್ಬರಿ ಬಂದೇವಿ ಬಿಡವ್ವ" ಅಂದಳು ಅವ್ವ. ಆಕೆ ಸರಿದು ಅಪ್ಪನಿಗೆ ಜಾಗ ಕೊಟ್ಟಳು.

"ಇದು ಕ್ಯಾನ್ಸರ್. ಹೆಂಗಸರಿಗೆ ಬರೂದು ಹೆಚ್ಚು, ಗಂಡಸರಿಗೆ ಅಪರೂಪ. ಅದಕ್ಕ ನೀವು ತಡಾ ಮಾಡಿ ಬರ್ತೀರಿ" ಅಂದರು ಡಾಕ್ಟರು. ಮೊಲೆಯನ್ನು ತೆಗೆದರು. ಬಗಲಿನತನಕ ಹೊಲಿಗೆ ಬಿತ್ತು.

ಎರಡು ವರ್ಷಕ್ಕೆ ರೋಗ ಬೆನ್ನಿನ ಎಲುಬಿನಲ್ಲಿ ಕಾಣಿಸಿಕೊಂಡಿತು. ಈ ಸಲ ಡಾಕ್ಟರು ಹೇಳಿದ್ದು ಬೇರೆ: "ಬೀಜ ತಗೀಬೇಕ್ರಿ. ಅದರ ರಸಾನ ಈ ರೋಗಕ್ಕ ಗೊಬ್ಬರ ಆಗತೈತಿ. ಹೆಂಗಸರಾಗಿದ್ರ ಅವರ ಅಂಡಾಶಯ ತಗೀತಿದ್ವಿ. ಪೂರಾ ವಾಸಿ ಅನ್ನೂದಿಲ್ಲ, ಆದ್ರ ದಿನಾ ಸಿಗತಾವು."

ಸುದ್ದಿ ಕೇಳಿ ದೊಡ್ಡಪ್ಪ ಓಡಿ ಬಂದ. "ಸಾಯೂದಾದ್ರ ಗಂಡಸಾಗಿ ಸಾಯೋ ತಮ್ಮಾ!" ಅಂದ.

ಅಪ್ಪ ಗೋದಲಿಯಲ್ಲಿ ಕಟ್ಟಿದ ಎತ್ತುಗಳ ಕಡೆ ಕೈ ತೋರಿಸಿದ. "ಅಣ್ಣಾ, ಆ ಹೋರಿಗೋಳ ಬೀಜಾ ಒಡಿಸಿದಾವ ನೀನ. ಎತ್ತಾದ ಮ್ಯಾಲೆ ಅವು ಗಳೇ ಹೊಡೀಲಿಲ್ಲೇನು? ನಾನೂ ಹೊಡೀತೇನಿ, ನಡಿ."

ಬೀಜ ತೆಗೆಸಿಕೊಂಡು ಬಂದು ಹೊಡೆದ. ನೋವು ಇಳಿಯಿತು. ಮೂರು ಮುಂಗಾರು ಅಪ್ಪನೇ ಗಳೆ ಹಿಡಿದು ಹೊಲ ಉತ್ತ. ಅದೂ ಅಂಗಿ ಇಲ್ಲದೆ, ಹೊಲಿಗೆಯ ಕಲೆ ಎಲ್ಲರಿಗೂ ಕಾಣುವ ಹಾಗೆ. ಯಾರಾದರೂ ಎದೆನೋವು ಅಂದರೆ ಸಾಕು, "ಎದೀನೋ ಮಲೀನೋ? ಮೊದ್ಲ ಮುಟ್ಟಿ ನೋಡ್ಕೋ!" ಅನ್ನುತ್ತಿದ್ದ. ನಕ್ಕವರು ನಕ್ಕರು. ನಕ್ಕವರಲ್ಲಿ ಒಬ್ಬ ಸುಮ್ಮನೆ ಹುಬ್ಬಳ್ಳಿಗೆ ಹೋಗಿ ಬಂದದ್ದು ನನಗೆ ಗೊತ್ತು.

ನಾಲ್ಕನೆಯ ವರ್ಷ ಅಪ್ಪ ತೀರಿಕೊಂಡ. ಊರಲ್ಲಿ ಹುಟ್ಟು-ಸಾವು ಬರೆದುಕೊಳ್ಳುವವರು ಪುಸ್ತಕದಲ್ಲಿ ಸಾವಿನ ಕಾರಣದ ಅಂಕಣದಲ್ಲಿ ಏನೋ ಬರೆದರು. ಆ ವೇಳೆಗೆ ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಬಗ್ಗಿ ಓದಿದೆ: ಎದೆನೋವು.

"ಅದನ್ನ ಹೊಡದು ಹಾಕ್ರಿ. ಮೊಲೆಯ ಕ್ಯಾನ್ಸರ್ ಅಂತ ಬರೀರಿ."

"ಏ ತಮ್ಮಾ, ನಿಮ್ಮಪ್ಪನ ಹೆಸರಿನ ಮುಂದ ಹಂಗ ಬರದ್ರ ಮಂದಿ ನಗತಾರೋ."

"ಅಪ್ಪ ಇದ್ದಾಗ ನಕ್ಕಾರ್ರಿ, ಈಗೂ ನಗಲಿ. ಬರೀರಿ."

ಅವರು ಬರೆಯುವ ತನಕ ನಾನು ಏಳಲಿಲ್ಲ. ಮೊಲೆಯ ಮಕಾರಕ್ಕೆ ಒತ್ವ ಎಳೆಯುವುದನ್ನೂ ಕಣ್ಣಾರೆ ನೋಡಿದೆ.

ನಿಮ್ಮ ಮನೆಯಲ್ಲಿಯೂ ಯಾರಾದರೂ ಗಂಡಸು ನಾಚಿಕೆಯಿಂದ ತಡ ಮಾಡಿದ್ದರೆ ನನಗೆ ಬರೆದು ತಿಳಿಸಿ. ಶಬ್ದ ಬದಲಿಸದೆ ಬರೆಯಿರಿ.