ಕಬ್ಬಿನ ತೂಕ ನಿಲ್ಲಿಸಿದ ಸಾಹೇಬರು

ಕಂಪ್ಯೂಟರಿಗೆ ಮುಖ ಕೊಟ್ಟು ಕೂತಾಗ ಅವರ ಮೂಗಿನ ತುದಿ ಬೆವರುತ್ತಿತ್ತು. ಒರೆಸಿಕೊಳ್ಳುತ್ತಿರಲಿಲ್ಲ. ಸ್ಟೀಲ್ ಸ್ಕೇಲನ್ನು ಪರದೆಗೆ ಅಡ್ಡ ಹಿಡಿದು, ಅಂಕಿಯೂ ಅಕ್ಷರವೂ ಕಲಸಿಕೊಂಡ ಉದ್ದನೆಯ ಸಾಲೊಂದನ್ನು ಗೋಡೆಗೆ ಅಂಟಿಸಿದ್ದ ಸಾಲಿನ ಜೊತೆ ನಾಲ್ಕು ನಾಲ್ಕಾಗಿ ಹೋಲಿಸುತ್ತಿದ್ದರು.

ನಾವು ಕಬ್ಬು ಹಾಕುವ ಕಾರ್ಖಾನೆಯ ತೂಕದ ಮನೆಗೆ ಅವರೇ ಸಾಹೇಬರು. ಮಳವಳ್ಳಿ ಪೇಟೆಯವರು. ಹೊಳಲು ಊರಿಂದ ಟ್ರ್ಯಾಕ್ಟರಿನಲ್ಲಿ ಕಬ್ಬು ಹೊಡೆಯುವ ನನಗೂ ಅವರಿಗೂ ಎಣ್ಣೆ ಸೀಗೆಕಾಯಿ. ನಮಸ್ಕಾರ ಎಂದರೆ "ಟ್ರಾಲಿ ನೇರಕ್ಕೆ ನಿಲ್ಲಿಸಿ" ಅನ್ನುವ ಮನುಷ್ಯ. ಟೀ ಕೊಡಿಸಹೋದರೆ, "ನಿಮ್ಮ ಟೀ ನೀವೇ ಕುಡೀರಿ."

ಒಂದು ಸುಗ್ಗಿಯಲ್ಲಿ ಬೆಳಿಗ್ಗೆಯೇ ತೂಕದ ಕಂಪ್ಯೂಟರ್ ಕೆಟ್ಟಿತು. ರಿಪೇರಿಯವನು ಸರಿಮಾಡಿ, ತೂಕದ ತಂತ್ರಾಂಶವನ್ನು ತನ್ನ ಪೆನ್‌ಡ್ರೈವಿನಿಂದ ಮತ್ತೆ ಹಾಕಲು ಹೊರಟ. ಸಾಹೇಬರು ತಡೆದು ಆ ಫೈಲಿನ ಹ್ಯಾಷ್ ತೆಗೆದರು. ಫೈಲನ್ನು ಇಡಿಯಾಗಿ ಲೆಕ್ಕಕ್ಕೆ ಹಾಕಿ ಹಿಂಡಿದಾಗ ಸಿಗುವ ಗುರುತು ಅದು. ಒಳಗೆ ಒಂದು ಚುಕ್ಕಿ ಬದಲಾದರೂ ಗುರುತು ಬೇರೆಯೇ ಬರುತ್ತದೆ. ತಂತ್ರಾಂಶ ಮಾಡಿದ ಕಂಪನಿಯವರು ಅಸಲಿ ಫೈಲಿನ ಗುರುತನ್ನು ಮೊದಲೇ ಕಳಿಸಿದ್ದರು. ಗೋಡೆಯ ಮೇಲಿದ್ದದ್ದು ಅದೇ. ಎರಡೂ ತಾಳೆಯಾಗಲಿಲ್ಲ.

"ಹೆಸರು ಅದೇ, ಸೈಜೂ ಅದೇ. ಹಾಕೋಣ ಬುಡಿ ಸಾರ್" ಎಂದ ರಿಪೇರಿಯವನು.

"ಹೆಸರು ಯಾರು ಬೇಕಾದ್ರೂ ಇಡ್ತಾರೆ. ಇದು ನನ್ನ ಫೈಲಲ್ಲ. ಕಂಪನಿಯಿಂದಲೇ ತರಿಸಿ."

ಹೊರಗೆ ಗಾಡಿ, ಟ್ರ್ಯಾಕ್ಟರುಗಳ ಸಾಲು. ಕಡಿದ ಕಬ್ಬು ಬಿಸಿಲಿಗೆ ನಿಂತಷ್ಟೂ ತೂಕ ಕಳೆದುಕೊಳ್ಳುತ್ತದೆ. ನಮಗೆಲ್ಲ ಒಂದೇ ಅನುಮಾನ: ತೂಕ ಇಳಿಯಲೆಂದು ಈ ಸಾಹೇಬ ಬೇಕಂತಲೇ ಒಣಗಿಸುತ್ತಿದ್ದಾನೆ.

ಕೊತ್ತತ್ತಿಯ ಹಿರಿಯನೊಬ್ಬ ಕಿಟಕಿ ಗುದ್ದಿದ. "ಏನ್ ಸ್ವಾಮಿ, ಕಬ್ ವಣಗ್ಸಿ ಸೌದೆ ತೂಕ ಆಕೀಯಾ? ಈಚೆಗ್ ಬಾ, ನಿನ್ನೇ ತಕ್ಕಡೀಗ್ ಕುಂಡ್ರುಸ್ತೀವಿ!"

ನಾನೂ ಕೂಗಿದೆ: "ಆ ಫೈಲಲ್ಲಿ ಮೋಸ ಅದಾ? ಅದ್ನಾರಾ ಬಾಯ್ಬುಟ್ ಯೋಳಿ!"

"ಗೊತ್ತಿಲ್ಲ."

"ಗೊತ್ತಿಲ್ದೆ ಯಾಕ್ ನಿಲ್ಸಿದ್ದೀರಿ?"

"ಗೊತ್ತಿಲ್ಲ ಅಂತಲೇ ನಿಲ್ಸಿರೋದು."

ಯಾರೋ ಸಾಹೇಬರ ಅಂಗಿ ಹಿಡಿದೆಳೆದರು. ಜೇಬು ಕಿತ್ತು ಬಂತು. ಸಾಹೇಬರು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತರು.

ಹೊತ್ತು ಇಳಿಯುವಾಗ ಕಂಪನಿಯಿಂದ ಫೈಲು ಬಂತು. ಮತ್ತೆ ಸ್ಕೇಲು, ಮತ್ತೆ ನಾಲ್ಕು ನಾಲ್ಕು. ತಾಳೆಯಾಯಿತು. ನನ್ನ ಸರದಿಯಲ್ಲಿ ಚೀಟಿ ಚಾಚುತ್ತಾ, "ಒಣಗಿದೆ, ಕಮ್ಮಿ ಬಂದಿದೆ. ಆದ್ರೆ ಬಂದಿರೋದು ನಿಮ್ಮ ಕಬ್ಬಿನ ತೂಕವೇ" ಎಂದರು.

"ನಿಮ್ ತಲೆ!" ಎಂದು ಕಿತ್ತುಕೊಂಡೆ.

ಪೆನ್‌ಡ್ರೈವಿನಲ್ಲಿದ್ದದ್ದು ಮೋಸದ ಫೈಲೋ, ಬರೀ ಬೇರೆ ಆವೃತ್ತಿಯೋ, ಇವತ್ತಿಗೂ ತಿಳಿಯದು. ನಮ್ಮ ಜಗಳವೂ ರಾಜಿಯಾಗಲಿಲ್ಲ. ಅವರು ನಿವೃತ್ತರಾದರು, ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ನಾನು ಹೋಗಲಿಲ್ಲ.

ಈ ಸಲ ತೂಕದ ಕಂಪ್ಯೂಟರ್ ಮತ್ತೆ ಕೆಟ್ಟಿತು. ರಿಪೇರಿಯವನು ಬಂದು ಪೆನ್‌ಡ್ರೈವ್ ಸಿಕ್ಕಿಸಿ, ಟೀ ಆರುವಷ್ಟರಲ್ಲಿ ಸರಿಮಾಡಿ ಹೋದ. ತೂಕದ ವೇಬ್ರಿಡ್ಜ್ ಹತ್ತಿದ ಮೊದಲ ಟ್ರ್ಯಾಕ್ಟರ್ ನನ್ನದೇ.

"ಫೈಲಿನ ಗುರ್ತು ತಾಳೆ ನೋಡುದ್ರಾ?" ಎಂದೆ.

ಕಿಟಕಿಯೊಳಗಿನ ಹೊಸ ಸಾಹೇಬರು ನಕ್ಕರು. "ಆನ್ ಆಯ್ತಲ್ಲ ಯಜಮಾನ್ರೇ, ಇನ್ನೇನ್ ಬೇಕು?"

ವೇಬ್ರಿಡ್ಜಿನ ಮೇಲೇ ಎಂಜಿನ್ ಆರಿಸಿ, ಕೀಲಿ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡೆ. ಹಿಂದಿನ ಟ್ರಾಲಿಯವನು ಎದ್ದು ನಿಂತು ಕೂಗಿದ:

"ಲೇ, ನಮ್ ಕಬ್ ವಣಗ್ತಾ ಅದೆ ಕಣ್ಲಾ!"