ಬೆಟ್ಟದಪುರದ ಹಸಿರು ಲೇತ್

ಕಬ್ಬಿಣ ಕಡೆಯುವ ಹಳೆಯ ಲೇತ್ ಯಂತ್ರ ಮಾರಾಟಕ್ಕಿದೆ ಎಂದರೆ ಸಾಕು, ಹುಣಸೂರಿನ ನನ್ನ ವರ್ಕ್‌ಶಾಪಿನ ಬಾಗಿಲೆಳೆದು ಹೊರಟುಬಿಡುತ್ತೇನೆ. ಹೊಸ ಯಂತ್ರಗಳೆಂದರೆ ನನಗೆ ಅಷ್ಟಕ್ಕಷ್ಟೆ. ಬೆಟ್ಟದಪುರದಿಂದ ಒಬ್ಬ ಹೆಂಗಸು ಫೋನ್ ಮಾಡಿ, ತೀರಿಕೊಂಡ ಗಂಡನ ಲೇತನ್ನು ಸಂಜೆ ಗುಜರಿಯವನು ಒಯ್ಯುತ್ತಾನೆ, ಅದಕ್ಕೆ ಮೊದಲು ಒಮ್ಮೆ ನೋಡಿ ಬೆಲೆ ಹೇಳಿ ಎಂದಾಗಲೂ ಹಾಗೇ ಹೊರಟೆ. ಅಗ್ಗಕ್ಕೆ ಸಿಕ್ಕರೆ ನಾನೇ ತರುವ ಆಸೆಯಿತ್ತು, ಸುಳ್ಳೇಕೆ ಹೇಳಲಿ.

ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಒತ್ತಿಕೊಂಡ ಶೆಡ್ಡು. ಒಳಗೆ ಲೇತ್ ಹಸಿರು ಬಣ್ಣದಲ್ಲಿ ಫಳಫಳ ಹೊಳೆಯುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಬಿರುಕು, ಬೆಸುಗೆ ಮುಚ್ಚಲು ದಲ್ಲಾಳಿಗಳು ಮಾಡುವ ಕೆಲಸ ಇದು.

“ಏನಕ್ಕಾ, ಬಣ್ಣ ಬಳಿದು ನಮ್ಮ ಕಣ್ಣಿಗೇ ಮಣ್ಣೆರಚ್ತೀರಾ?” ಎಂದುಬಿಟ್ಟೆ.

ಆಕೆ ಸಿಟ್ಟಾಗಲಿಲ್ಲ. “ಆಯುಧಪೂಜೆಗೆ ವರ್ಸ ವರ್ಸ ಒಂದು ಕೋಟ್ ಹೊಡೀತಿದ್ರು ಕಣಣ್ಣ ನಮ್ಮನೆಯವ್ರು. ಅವ್ರು ಹೋದ್ಮೇಲೆ ನಾನೇ ಹೊಡ್ದಿವ್ನಿ. ಬೇಕಾದ್ರೆ ಕೆರೆದು ನೋಡಿ,” ಎಂದು ಬ್ಲೇಡ್ ಕೈಗಿಟ್ಟರು.

ಲೇತಿನ ಉದ್ದನೆಯ ಕಬ್ಬಿಣದ ಹಾಸು, ಬೆಡ್ಡಿನ ತುದಿಯಲ್ಲಿ ಕೆರೆದೆ. ಹಸಿರಿನಡಿ ನೀಲಿ, ನೀಲಿಯಡಿ ಬೂದು, ಮತ್ತೆ ಹಸಿರು. ಇಪ್ಪತ್ತು ದಾಟಿದ ಮೇಲೆ ಎಣಿಕೆ ತಪ್ಪಿತು. ಕೊನೆಗೆ ಕಬ್ಬಿಣದಲ್ಲಿ ಒತ್ತಿದ ನಂಬರ್ ಕಂಡಿತು. ಆ ಸರಣಿಯ ನಂಬರ್ ಯಾವ ಕಾಲದ್ದೆಂದು ನನಗೆ ಗೊತ್ತು. ಯಂತ್ರ ನನಗಿಂತ ಹಳೆಯದು. ಇಷ್ಟು ವಯಸ್ಸಾದ ಲೇತಿನ ಬೆಡ್ಡು, ಸರಳು ಕಚ್ಚಿ ತಿರುಗಿಸುವ ಚಕ್ಕಿನ ಹತ್ತಿರ ಸವೆದಿರಲೇಬೇಕು, ಕೆಲಸವೆಲ್ಲ ನಡೆಯುವುದು ಅಲ್ಲೇ. ಉಗುರಿಟ್ಟು ಎಳೆದೆ. ಎಲ್ಲೂ ತಡೆಯಲಿಲ್ಲ, ಸವೆತವೇ ಇಲ್ಲ. ಬೆರಳಿಗೆ ಹೊಸ ಎಣ್ಣೆ ಅಂಟಿತು. ಆಡಿದ ಮಾತಿಗೆ ನಾಲಿಗೆ ಕಚ್ಚಿಕೊಂಡೆ.

ಇನ್ನೊಂದು ಪರೀಕ್ಷೆ ಬಾಕಿ ಇತ್ತು: ಗೇಣುದ್ದದ ಸರಳನ್ನು ಟರ್ನಿಂಗ್ ಮಾಡಿ ಎರಡೂ ತುದಿ ಅಳೆಯುವುದು. ಲೇತ್ ನೆಟ್ಟಗಿದ್ದರೆ ಎರಡೂ ಕಡೆ ಒಂದೇ ದಪ್ಪ ಬರಬೇಕು. ನಾನು ಟೂಲ್ ಕಟ್ಟಲು ಹೋದರೆ, “ಒಸಿ ಈ ಕಡೀಕ್ ಬನ್ನಿ,” ಎಂದು ಆಕೆಯೇ ಸೆರಗು ಬಿಗಿದು ನಿಂತರು. ಚಕ್ಕಿಗೆ ಸರಳು ಕಚ್ಚಿಸಿ, ಕೈಯಲ್ಲಿ ತಿರುಗಿಸಿ ನೋಡಿ, ಕೊಂಚ ತಟ್ಟಿ, ಸ್ವಿಚ್ ಹಾಕಿದರು. ಕಬ್ಬಿಣದ ಸಿಪ್ಪೆ ಒಂದೇ ಎಳೆಯಾಗಿ ಸುರುಳಿ ಸುತ್ತುತ್ತ ಬಂತು. ಮೈಕ್ರೋಮೀಟರ್ ಹಿಡಿದೆ. ಎರಡೂ ತುದಿ ಒಂದೇ ಅಳತೆ. ಅಂಥ ನಯ ನನ್ನ ಕೈಯಲ್ಲಿ ಯಾವತ್ತೂ ಬಂದಿಲ್ಲ. ಹೊಟ್ಟೆಕಿಚ್ಚಾಗಬೇಕಿತ್ತು, ಯಾಕೋ ಖುಷಿಯಾಯಿತು.

“ಇಲ್ಲಿ ಕೆಲ್ಸ ಮಾಡ್ತಿದ್ದದ್ದು ಯಾರಕ್ಕಾ?” ಎಂದು ಕೇಳಿದೆ.

“ಅವ್ರ ಕಣ್ಣು ಮಂಜಾದ್ ಮ್ಯಾಲೆ ನಾನೇಯ. ಹೆಂಗ್ಸು ಮಾಡ್ತಾಳೆ ಅಂದ್ರೆ ಜನ ಪಂಪಿನ ಶಾಫ್ಟ್ ಕೊಡ್ತಿರ್ನಿಲ್ಲ. ಅದ್ಕೆ ಅವ್ರು ಬಾಗ್ಲಲ್ಲಿ ಕೂತಿರೋರು, ನಾನು ಒಳಗೆ. ಈಗ ಬಾಗ್ಲಲ್ಲಿ ಯಾರೂ ಇಲ್ಲ. ಕೆಲ್ಸಾನೂ ಬರಾಕಿಲ್ಲ.”

ಗುಜರಿಯವನು ಎಷ್ಟು ಹೇಳಿದ್ದಾನೆಂದು ಕೇಳಿ ತಿಳಿದು, ಅದಕ್ಕಿಂತ ಆರು ಪಟ್ಟು ಹೆಚ್ಚು ಬಾಳುತ್ತದೆ ಎಂದೆ. ನನ್ನ ಕೈಗೆಟುಕುವ ಬೆಲೆಯಲ್ಲ ಅದು. “ಆದ್ರೂ ಮಾರ್ಬೇಡಿ ಅಕ್ಕಾ,” ಎಂದೂ ಸೇರಿಸಿದೆ.

“ಮಡೀಕೊಂಡು ಏನ್ ಮಾಡ್ಲಿ?”

ಹುಣಸೂರಿನ ಪಕ್ಕದ ಹಳ್ಳಿಯ ರೈತರೊಬ್ಬರು ರಿಪೇರಿಗೆ ಕೊಟ್ಟಿದ್ದ ಪಂಪಿನ ಶಾಫ್ಟ್ ನನ್ನ ಬೈಕಿನ ಡಬ್ಬಿಯಲ್ಲಿತ್ತು. ತಂದು, ಇದನ್ನು ನೀವೇ ಮಾಡಿಕೊಡಿ ಎಂದು ಅವರ ಮುಂದಿಟ್ಟೆ. ಆಕೆ ಅದನ್ನು ಬೆಳಕಿಗೆ ಹಿಡಿದು ಸವೆದ ಜಾಗವನ್ನು ಬೆರಳಲ್ಲಿ ಸವರಿ ನೋಡಿದರು. ಆಮೇಲೆ ಗುಜರಿಯವನಿಗೆ ಫೋನ್ ಮಾಡಿ ಬರುವುದು ಬೇಡವೆಂದರು.

ಆಕೆ ಸರಿಮಾಡಿಕೊಟ್ಟ ಶಾಫ್ಟನ್ನು ಆ ರೈತರಿಗೆ ಒಪ್ಪಿಸಿದೆ. ವಾರ ಕಳೆದ ಮೇಲೆ ಅವರು ಅಂಗಡಿಗೆ ಬಂದು, “ಎಂಥ ಕೆಲ್ಸ ಮಾಡಿದ್ದೀರಿ ಮೇಸ್ತ್ರಿ! ಪಂಪು ಸದ್ದೇ ಮಾಡಾಕಿಲ್ಲ ಕಣ್ರೀ,” ಎಂದರು. ಸುಮ್ಮನಿದ್ದರೆ ಹೆಸರು ನನಗೇ ಬರುತ್ತಿತ್ತು. ಬೆಟ್ಟದಪುರದ ಅಕ್ಕ ಮಾಡಿದ್ದು ಎಂದೆ. ಅವರು ನಂಬಲಿಲ್ಲ, ನಕ್ಕು ಹೋದರು. ಆದರೆ ಮೊನ್ನೆ ಇನ್ನೊಂದು ಶಾಫ್ಟ್ ಹೆಗಲ ಮೇಲಿಟ್ಟುಕೊಂಡು ನನ್ನ ಅಂಗಡಿ ದಾಟಿ ಹೋಗಿ ಬೆಟ್ಟದಪುರದ ಬಸ್ ಹತ್ತಿದರು.