ಚರಗದ ದಿನ ಕೇಳಿದ ದನಿ

ಕಾಣದ್ದು ಕೇಳದ್ದರ ಕತೆಯನ್ನು ಯಾರಾದರೂ ಹೇಳತೊಡಗಿದರೆ ನಡುವೆ ಬಾಯಿ ಹಾಕಿ ಕೆಡಿಸುವವನು ನಾನು. ‘ಇವನ ಮುಂದೆ ದೆವ್ವವೂ ಅರ್ಜಿ ಹಿಡಿದುಕೊಂಡೇ ಬರಬೇಕು’ ಎಂದು ಗೆಳೆಯರು ಚೇಷ್ಟೆ ಮಾಡುತ್ತಿದ್ದರು. ಹೈದರಾಬಾದಿನಲ್ಲಿ ಓದಿ ಬಂದ ಸೊಕ್ಕೂ ಅದರಲ್ಲಿ ಸ್ವಲ್ಪ ಇತ್ತೆನ್ನಿ. ಈಗಲೂ ನಾನು ನಂಬುವವನಲ್ಲ. ಆದರೆ ಒಂದು ಸಂಗತಿ ಇದೆ. ಅದನ್ನು ನೆನೆದರೆ ನನಗೆ ಹೆದರಿಕೆಯಾಗುವುದಿಲ್ಲ, ನಾಚಿಕೆಯಾಗುತ್ತದೆ. ಅದಕ್ಕೇ ಇಷ್ಟು ವರ್ಷ ಯಾರ ಮುಂದೆಯೂ ಆಡಿರಲಿಲ್ಲ.

ನಿಜಾಮರ ರಾಜ್ಯ ಹೋಗಿ ನಮ್ಮ ಭಾಗ ಭಾರತಕ್ಕೆ ಸೇರಿದ ಮೇಲಿನ ಮಾತು. ಯಾದಗಿರಿಯಲ್ಲಿ ನಮ್ಮ ಮನೆಗೂ ಖಾಜಾ ಚಾಚಾನ ಮನೆಗೂ ನಡುವೆ ಒಂದೇ ಗೋಡೆ. ಮುದನಾಳದ ಕಡೆ ಇದ್ದ ಹೊಲಗಳಿಗೂ ನಡುವೆ ಒಂದೇ ಬದು. ಅಪ್ಪ ಮತ್ತು ಚಾಚಾ ಎತ್ತು, ಕೂರಿಗೆ ಎಲ್ಲವನ್ನೂ ಕೂಡಿಸಿಕೊಂಡೇ ಬೇಸಾಯ ಮಾಡಿದವರು. ರಾಜ್ಯ ಬದಲಾದ ಆ ಗದ್ದಲದ ದಿನಗಳಲ್ಲಿ ಚಾಚಾ ಶಹಾಪುರದ ಕಡೆ ಎತ್ತು ನೋಡಿ ಬರುತ್ತೇನೆಂದು ಹೋದವನು ತಿರುಗಿ ಬರಲಿಲ್ಲ. ಅಪ್ಪ ಶಹಾಪುರ, ಸುರಪುರ, ದೇವಾಪುರ ಎಲ್ಲ ಸುತ್ತಿದ. ಸತ್ತನೆಂದು ಹೇಳುವವರೂ ಸಿಗಲಿಲ್ಲ, ಇದ್ದಾನೆಂದು ಹೇಳುವವರೂ ಸಿಗಲಿಲ್ಲ. ಅವನ ಹೆಂಡತಿ, ಮಕ್ಕಳಿಲ್ಲದ ಚಾಚಿ, ಮನೆಯಲ್ಲಿ ಒಬ್ಬಳೇ ಉಳಿದಳು. ಅವಳ ಹೊಲವನ್ನೂ ಅಪ್ಪನೇ ಬಿತ್ತಿ ಬೆಳೆಯುತ್ತಿದ್ದ.

ಕೆಲವು ವರ್ಷ ಕಳೆದ ಮೇಲೆ ಹೈದರಾಬಾದಿನಿಂದ ಅವಳ ಅಣ್ಣ ಬಂದ. ಗಡಿಯಾರ ರಿಪೇರಿ ಮಾಡುವವನು, ಹುಟ್ಟಿದ್ದು ನಮ್ಮ ಕಡೆಯೇ, ಮಿತಮಾತಿನ ಸಭ್ಯ ಮನುಷ್ಯ. ತಂಗಿ ಇಲ್ಲಿ ಬಾಗಿಲು ಕಾಯುತ್ತ ಕೂರುವುದು ಬೇಡ, ತನ್ನ ಹೆಂಡತಿ ಮಕ್ಕಳ ನಡುವೆ ಇರಲಿ ಎಂಬುದು ಅವನ ಆಸೆ. ಬಹಳ ಹೇಳಿಸಿಕೊಂಡ ಮೇಲೆ ಚಾಚಿ ಹೂಂ ಅಂದಳು. ಗಂಟುಮೂಟೆ ಕಟ್ಟಿದ್ದೂ ಆಯಿತು. ಆಗ ಅಪ್ಪನ ಹತ್ತಿರ ಬಂದು ಒಂದೇ ಒಂದು ಮಾತು ಕೇಳಿದಳು.

‘ಎಳ್ಳಮಾಸಿ ಹತ್ರ ಬಂತ್ರಿ ಅಣ್ಣಾರ. ಒಂದು ರಾತ್ರಿ ಎಲ್ಲಾರೂ ಹೊಲದಾಗ ಇದ್ದು, ಚರಗ ಚೆಲ್ಲಿ, ಆಮ್ಯಾಗ ಹೋಗ್ತೀನ್ರಿ.’

ಎಳ್ಳ ಅಮಾವಾಸ್ಯೆಯ ಹಿಂದಿನ ಆ ಒಂದು ರಾತ್ರಿಯ ಏರ್ಪಾಡನ್ನೆಲ್ಲ ನಾನೇ ಮೈಮೇಲೆ ಹಾಕಿಕೊಂಡೆ. ಬಂಡಿಗೆ ಕಮಾನು ಕಟ್ಟಿಸಿ, ಒಳಗೆ ಹುಲ್ಲು ಹರವಿ, ಮೇಲೆ ಜಮಖಾನೆ ಹಾಸಿದೆ. ಅವ್ವ, ಚಾಚಿ ಅದರಲ್ಲೇ ಮಲಗುವುದೆಂದು ನಿಶ್ಚಯ. ಗಂಡಸರಿಗೆ ಬನ್ನಿಗಿಡದ ಹತ್ತಿರ ತಾಡಪತ್ರಿಯ ಡೇರೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಮುಂಚಿತವಾಗಿಯೇ ಹೋಗಿ ನೋಡಿಕೊಂಡು ಬಂದೆ. ಕಂದೀಲು, ನೀರಿನ ಕೊಡ, ಅಂಬಲಿಯ ಗಡಿಗೆ ಎಲ್ಲಿಡಬೇಕು ಎಂಬುದನ್ನೂ ಗೊತ್ತುಮಾಡಿದೆ. ಅಪ್ಪ ಇದನ್ನೆಲ್ಲ ನೋಡಿ, ‘ಹೊಲಕ್ಕ ಹೊಂಟೀವೋ, ಲಡಾಯಿಗೆ ಹೊಂಟೀವೋ?’ ಎಂದು ನಕ್ಕ. ಇಷ್ಟೆಲ್ಲ ಮಾಡಿದ ನನ್ನ ಡೇರೆ ಅಂದು ಊಟ ಮುಗಿಯುವ ಮೊದಲೇ ನಮ್ಮ ತಲೆಯ ಮೇಲೆ ಕುಸಿದುಬಿತ್ತು. ಚಾಚಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿ ವರ್ಷಗಳೇ ಆಗಿದ್ದವು. ಅವಳ ಅಣ್ಣ ನನ್ನ ಕಡೆ ನೋಡಿ, ಇನ್ನು ಚಿಂತೆಯಿಲ್ಲ ಎಂಬಂತೆ ತಲೆಯಾಡಿಸಿದ.

ಮರುದಿನ ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿದೆವು. ಆಮೇಲೆ ಚರಗ. ಭೂಮಿತಾಯಿಗೆ ಉಣಿಸುವ ಪದ್ಧತಿ ಇದು. ಕಡುಬು, ಭಜ್ಜಿ, ರೊಟ್ಟಿ ಎಲ್ಲ ಕಲಸಿದ ಬುಟ್ಟಿ ಹಿಡಿದು ಒಬ್ಬರು ‘ಹುಲ್ಲುಲ್ಲಿಗೋ’ ಎಂದು ಕೂಗಿ ಬೆಳೆಯ ಮೇಲೆ ಚೆಲ್ಲುತ್ತ ಮುಂದೆ ಹೋಗುತ್ತಾರೆ. ಹಿಂದಿನವರು ‘ಸಲಾಂಬ್ರಿಗೋ’ ಎಂದು ಓಗೊಟ್ಟು ನೀರು ಚಿಮುಕಿಸುತ್ತಾರೆ. ಆ ಮಾತುಗಳ ಅರ್ಥ ನನಗಂತೂ ಯಾರೂ ಹೇಳಿಕೊಡಲಿಲ್ಲ. ಆದರೆ ಕೂಗಿಗೆ ಓ ಬರಲೇಬೇಕು. ನಮ್ಮ ಹೊಲದಲ್ಲಿ ಮುಂದಿನ ಕೂಗು ಅಪ್ಪನದು, ಓಗೊಡುವವನು ಯಾವಾಗಲೂ ಖಾಜಾ ಚಾಚಾ. ಎಳೆದು ಎಳೆದು ಕೂಗಿ, ಕೊನೆಗೆ ಎತ್ತಿಗೆ ಹೇಳುವಂತೆ ‘ಹೋಯ್’ ಎಂದು ಸೇರಿಸುವುದು ಅವನೊಬ್ಬನದೇ ರೂಢಿ. ಅವನು ಹೋದಮೇಲೆ ಅಪ್ಪ ಚರಗವನ್ನು ಸುಮ್ಮನೆ ಮೌನವಾಗಿ ಚೆಲ್ಲಿ ಬರುತ್ತಿದ್ದ. ಈ ಸಲ ಚಾಚಿಯ ಸಲುವಾಗಿ ಕೂಗಿಯೇ ಚೆಲ್ಲೋಣವೆಂದು ತಂಬಿಗೆಯನ್ನು ನನ್ನ ಕೈಗೆ ಕೊಟ್ಟ.

ಜೋಳ ಆಳೆತ್ತರ ನಿಂತಿತ್ತು. ಅಪ್ಪ ಮುಂದೆ, ನಾನು ಹಿಂದೆ. ಬದುವಿನ ಮೇಲೆ ಚಾಚಿಯ ಅಣ್ಣ ಕೋಟು ಟೋಪಿ ಹಾಕಿಕೊಂಡು ನೋಡುತ್ತ ನಿಂತಿದ್ದ. ಪಟ್ಟಣದವನ ಮುಂದೆ, ಓದಿದ ನಾನು, ಹೀಗೆ ಬಾಯಿಬಿಟ್ಟು ಕೂಗುವುದೇ ಎಂದು ನಾಚಿಕೆಯಾಯಿತು. ಅಪ್ಪ ‘ಹುಲ್ಲುಲ್ಲಿಗೋ’ ಅಂದ. ನಾನು ತುಟಿ ಎರಡು ಮಾಡಲಿಲ್ಲ.

‘ಸಲಾಂಬ್ರಿಗೋ… ಹೋಯ್!’

ದನಿ ನನ್ನ ಬಲಕ್ಕೆ, ಚಾಚಾನ ಹೊಲದ ಜೋಳದೊಳಗಿಂದ ಬಂತು. ದೂರದಿಂದಲ್ಲ, ಕೈಚಾಚಿದರೆ ಸಿಗುವಷ್ಟು ಹತ್ತಿರದಿಂದ. ನಾನು ತಂಬಿಗೆ ಬಿಟ್ಟು ಒಳಗೆ ನುಗ್ಗಿದೆ. ಯಾರೂ ಇರಲಿಲ್ಲ. ಒಂದು ದಂಟೂ ಅಲುಗಿರಲಿಲ್ಲ. ಹಿಂದಿರುಗಿ ನೋಡದ ಅಪ್ಪ, ‘ಭಲೇ! ಖಾಜಾನ ಹಂಗ ಕೂಗೀದೆಲ್ಲೋ!’ ಎಂದು ಖುಷಿಯಿಂದ ಮುಂದೆ ನಡೆದ.

ಅಷ್ಟರಲ್ಲಿ ಚಾಚಿ ಬಂಡಿಯ ಹತ್ತಿರದಿಂದ ಓಡುತ್ತ ಬಂದಳು. ತಲೆಯ ಮೇಲಿನ ಸೆರಗು ಜಾರಿದ್ದರೂ ಅವಳಿಗೆ ಪರಿವೆ ಇರಲಿಲ್ಲ. ನನ್ನ ತೋಳು ಹಿಡಿದು ಕೇಳಿದಳು: ‘ಖರೇ ಹೇಳು ಮಗಾ. ಕೂಗಿದಾಂವ ನೀ ಏನು?’

ನಾನು ಯೋಚನೆಯನ್ನೇ ಮಾಡಲಿಲ್ಲ. ‘ನಾ ಅಲ್ಲ ಚಾಚಿ. ನಾ ಬಾಯೇ ತೆಗದಿಲ್ಲ’ ಎಂದುಬಿಟ್ಟೆ.

ಅವಳ ಮುಖದಲ್ಲಿ ಬೆಳಕು ಮೂಡಿದ್ದನ್ನು ನಾನು ಕಣ್ಣಾರೆ ಕಂಡೆ. ನಾನು ಆಡಿದ್ದು ಏನೆಂದು ಆಗಲೇ ನನಗೆ ಹೊಳೆಯಿತು. ಊರಿಗೆ ಬಂದವಳೇ ಕಟ್ಟಿದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಅವನು ಇಲ್ಲೇ ಎಲ್ಲೋ ಇದ್ದಾನೆ, ಬಂದಾಗ ಮನೆಗೆ ಕೀಲಿ ಇರಬಾರದು ಎಂದಳು. ಅವಳ ಅಣ್ಣ ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ತಾನು ಬದುವಿನ ಮೇಲಿದ್ದೆ, ಕೂಗು ಕೇಳಿದೆ, ಅದು ಈ ಹುಡುಗನದೇ ಎಂದು ಅವನು ಆಣೆ ಮಾಡಿ ಹೇಳಿದ. ಚಾಚಿ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ. ಸ್ಟೇಷನ್ನಿಗೆ ಹೊರಟಾಗ ಅವನು ನನ್ನನ್ನು ಪಕ್ಕಕ್ಕೆ ಕರೆದ.

‘ನೀವು ಓದಿದವರು. ನಾನ ಕೂಗೀನಿ ಅಂದಿದ್ರ ನಿಮ್ಮ ಗಂಟೇನ್ ಹೋಗ್ತಿತ್ರಿ?’

ಬೈದಿದ್ದರೆ ಒಳ್ಳೆಯದಿತ್ತು. ಅವನು ಬೈಯಲಿಲ್ಲ. ಕಣ್ಣು ಒರೆಸಿಕೊಂಡು ರೈಲು ಹತ್ತಿದ.

ಆಮೇಲೆ ನಾನು ಬಗೆಬಗೆಯಾಗಿ ಯೋಚಿಸಿದೆ. ಅಂದು ಸುತ್ತಲಿನ ಹೊಲಗಳಲ್ಲೆಲ್ಲ ಚರಗದ ಕೂಗು ಎದ್ದಿತ್ತು, ಯಾವುದೋ ಒಂದು ಗಾಳಿಗೆ ತೇಲಿ ಬಂದಿರಬಹುದು. ಆದರೆ ಆ ‘ಹೋಯ್’? ಮರುವಾರ ಒಬ್ಬನೇ ಹೋಗಿ ಅದೇ ಜಾಗದಲ್ಲಿ ನಿಂತು ಕೂಗಿ ನೋಡಿದೆ. ಬಯಲು ಸೀಮೆ, ಮಾರ್ದನಿ ಬರಲಿಲ್ಲ. ಹಾಗಾದರೆ ನಾನೇ ಗೊತ್ತಿಲ್ಲದೆ ಕೂಗಿದೆನೇ? ಅಪ್ಪ, ಚಾಚಿಯ ಅಣ್ಣ ಇಬ್ಬರೂ ಹಾಗೆಯೇ ತಿಳಿದಿದ್ದರು. ನನ್ನ ಬಾಯಿ ಮುಚ್ಚಿತ್ತು ಎಂಬುದಕ್ಕೆ ನನ್ನನ್ನು ಬಿಟ್ಟರೆ ಸಾಕ್ಷಿಯೇ ಇಲ್ಲ.

ಮುಂದಿನ ಎಳ್ಳಮಾಸಿಗೆ ನಾನೇ ಬೇಡಿ ತಂಬಿಗೆ ಇಸಿದುಕೊಂಡೆ. ಮನಸ್ಸಿನಲ್ಲಿ ಒಂದು ಲೆಕ್ಕವಿತ್ತು. ಚಾಚಾನಂತೆಯೇ ಕೂಗಿ, ಹೋದ ವರ್ಷ ಕೂಗಿದ್ದೂ ನಾನೇ, ಚೇಷ್ಟೆಗೆ ಸುಳ್ಳು ಹೇಳಿದ್ದೆ ಎಂದುಬಿಡುವುದು. ಆಗಲಾದರೂ ಅವಳು ಅಣ್ಣನ ಮನೆಗೆ ಹೋದಾಳು. ಎಳೆದು ಎಳೆದು ಕೂಗಿದೆ, ಗಂಟಲು ಹರಿಯುವಂತೆ ಕೂಗಿದೆ, ಕೊನೆಗೆ ‘ಹೋಯ್’ ಎಂದೂ ಅಂದೆ. ಅವಳ ಹತ್ತಿರ ಬಂದು, ಕಲಿತಿಟ್ಟುಕೊಂಡ ಮಾತನ್ನು ಒಪ್ಪಿಸಿದೆ. ಚಾಚಿ ಸಿಟ್ಟಾಗಲಿಲ್ಲ. ನನ್ನ ಕೈಯಲ್ಲಿ ಒಂದು ಕಡುಬು ಇಟ್ಟಳು.

‘ಛಲೋ ಕೂಗೀದಿ ಮಗಾ. ಆದ್ರ ಸುಳ್ಳು ಹೇಳಾಕ ನಿನಗ ಇನ್ನೂ ಬರಂಗಿಲ್ಲ’ ಎಂದಳು.

ಕೊನೆಯವರೆಗೂ ಅವಳು ಆ ಮನೆಯಲ್ಲೇ ಒಬ್ಬಳೇ ಇದ್ದಳು. ಅಂದು ಕೂಗಿದ್ದು ಯಾರು ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ನಾನಲ್ಲ ಎಂಬುದೊಂದು ಗೊತ್ತು. ನಾನು ಅಷ್ಟನ್ನು ಹೇಳಿದ್ದಕ್ಕೇ ಒಂದು ಹೆಂಗಸು ತನ್ನ ಉಳಿದ ಬಾಳನ್ನೆಲ್ಲ ಬಾಗಿಲು ತೆರೆದಿಟ್ಟುಕೊಂಡು ಕಳೆದಳು.